ಹೆಸರಿಲ್ಲದ ಬಟನ್

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ದೂರುದಾರನೊಬ್ಬ ಬಂದ. ಕಣ್ಣು ಕಾಣದ ಅವನ ಅಕ್ಕ ಆಸ್ಪತ್ರೆಯ ವೆಬ್‌ಸೈಟಿನಿಂದ ರಕ್ತದೊತ್ತಡದ ಮಾತ್ರೆ ತರಿಸಿದ್ದಳು. ಬಂದದ್ದು ದುಪ್ಪಟ್ಟು ಶಕ್ತಿಯದು. ಗೊತ್ತಾಗದೆ ನುಂಗಿ ಕುಸಿದು ಬಿದ್ದವಳು ಈಗ ತೀವ್ರ ನಿಗಾ ಘಟಕದಲ್ಲಿದ್ದಳು.

“ಪರದೆ ಮೇಲಿರೋದನ್ನ ಫೋನೇ ಓದಿ ಹೇಳತ್ತೆ ಮೇಡಂ. ಕಡಿಮೆ ಶಕ್ತಿ ಮಾತ್ರೆಗೊಂದು ಬಟನ್, ಜಾಸ್ತಿದಕ್ಕೊಂದು; ಎರಡಕ್ಕೂ ಬರೀ ‘ಬಟನ್, ಬಟನ್’ ಅಂತು. ಅವಳಾದ್ರೂ ಏನ್ ಮಾಡ್ತಾಳೆ?”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಎಲ್ಲರೂ ಉದ್ದಣ್ಣ ಎಂದೇ ಕರೆಯುವ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೋದರು.

ವೆಬ್‌ಸೈಟ್ ನೋಡಿಕೊಳ್ಳುವ ಹೆಂಗಸು ಕಿಟಕಿಯಿಲ್ಲದ ಕೋಣೆಯಲ್ಲಿದ್ದಳು. “ಕಾಣದವರಿಗೆ ತೊಡಕಾಗೋ ತಪ್ಪುಗಳನ್ನ ಸ್ಕ್ಯಾನರ್ ವಾರವಾರ ಹುಡುಕತ್ತೆ. ಎರಡು ವಾರದಿಂದ ‘ತಪ್ಪಿಲ್ಲ’ ಅಂತಲೇ ಬಂದಿದೆ.”

“ಅದಕ್ಕೂ ಮುಂಚೆ?” ಎಂದರು ಇನ್‌ಸ್ಪೆಕ್ಟರ್.

ತೆಗೆದು ನೋಡಿದಳು. ವಾರಕ್ಕೊಂದಾದರೂ ತಪ್ಪಿತ್ತು. “ಇದ್ದಕ್ಕಿದ್ದ ಹಾಗೆ ಸೊನ್ನೆ ಆಗಲ್ಲ. ಸೈಟಿಗೆ ಹೊರಗಿಂದ ಜೋಡಿಸೋ ಯಾವುದೋ ಪ್ಲಗಿನ್ ಅಡ್ಡ ಬರ್ತಿರಬೇಕು.”

ಪಂಚರ ಎದುರು, ಸೈಟಿನ ನಕಲಿನಲ್ಲಿ, ಒಂದೊಂದೇ ಪ್ಲಗಿನ್ ನಿಲ್ಲಿಸಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರು. ಚಿತ್ರ ಕುಗ್ಗಿಸುವುದನ್ನು ನಿಲ್ಲಿಸಿದರೂ ‘ತಪ್ಪಿಲ್ಲ’. ವೇಗ ಹೆಚ್ಚಿಸುವುದನ್ನು ನಿಲ್ಲಿಸಿದರೂ ಅದೇ ಹಾಡು.

“ಕತ್ತಲಲ್ಲಿ ಫ್ಯೂಸ್ ತಡಕಿದ ಹಾಗಾಯ್ತು,” ಎಂದ ಉದ್ದಣ್ಣ.

ಅಕ್ಷರ ದೊಡ್ಡದು ಮಾಡುವ ಪ್ಲಗಿನ್ ನಿಲ್ಲಿಸಿದ್ದೇ ತಡ, ಪರದೆ ತುಂಬ ತಪ್ಪುಗಳ ಕೆಂಪು ಸಾಲುಗಳು; ಮಾತ್ರೆಯ ಎರಡು ಬಟನ್‌ಗಳೂ ಅದರಲ್ಲಿದ್ದವು. ಅದು ಚಾಲೂ ಇದ್ದಾಗ ಸ್ಕ್ಯಾನರ್ ತಲೆಬರಹ ದಾಟಿ ಮುಂದೆ ಹೋಗುತ್ತಲೇ ಇರಲಿಲ್ಲ. ನೋಡಿದಷ್ಟರಲ್ಲಿ ತಪ್ಪಿಲ್ಲ ಎಂದು ಕೈತೊಳೆದುಕೊಳ್ಳುತ್ತಿತ್ತು.

“ಆ ಬಟನ್‌ಗಳನ್ನ ಹೆಸರು ಕೊಡದೆ ಹೋದ ವಾರ ಕೂರಿಸಿದ್ದು ನಾನೇ,” ಎಂದಳು ಅವಳು, ಮೆಲ್ಲಗೆ.

“ಪ್ಲಗಿನ್ ಹಾಕಿದ್ದು?”

“ಹಳೇ ಪರೀಕ್ಷಕರ ಲಾಗಿನ್‌ನಿಂದ. ಅವರಿಗೂ ಕಣ್ಣು ಕಾಣಲ್ಲ. ಪುಟಪುಟಾನೂ ಕೇಳಿಸ್ಕೊಂಡು ತಪ್ಪು ಹೇಳ್ತಿದ್ರು. ಸ್ಕ್ಯಾನರ್ ಬಂತು, ಅವರನ್ನ ಬೇಡ ಅಂದ್ರು. ಲಾಗಿನ್ ತೆಗೆಯೋದನ್ನ ಮರೆತ್ವಿ.”

ಪಂಚನಾಮೆ ಮುಗಿಯಿತು.

ಪರೀಕ್ಷಕನ ಮನೆಯಲ್ಲಿ ಹೆಂಡತಿ ಬಾಗಿಲು ತೆರೆದಳು. ಬೂಟಿನ ಸದ್ದಿಗೇ ಅವನು ಎದ್ದು ನಿಂತ.

“ಪ್ಲಗಿನ್ ಹಾಕಿದ್ದು ನೀವೇನಾ?”

“ಹೌದು. ಅದಕ್ಕೂ ಸ್ಕ್ಯಾನರ್‌ಗೂ ಆಗಿಬರಲ್ಲ ಅಂತ ಗೊತ್ತಿತ್ತು. ಸ್ಕ್ಯಾನ್ ಕೆಟ್ಟು ನಿಂತ್ರೆ ನನ್ನನ್ನೇ ಕರೀತಾರೆ ಅಂದ್ಕೊಂಡೆ.”

ಇನ್‌ಸ್ಪೆಕ್ಟರ್ ನಡೆದದ್ದನ್ನು ಹೇಳಿದರು. ಅವನು ಕುರ್ಚಿಯ ಬೆನ್ನು ತಡಕಿ ಹಿಡಿದುಕೊಂಡ.

“ಬದುಕಿದಾರಾ?”

“ಇನ್ನೂ ಎಚ್ಚರ ಬಂದಿಲ್ಲ.”

ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಸಂಜೆ ಐದೂವರೆಗೆ ಬಂಧನವಾಯಿತು.

ಠಾಣೆಯಲ್ಲಿ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ತಾವೇ ಗಟ್ಟಿಯಾಗಿ ಓದಿ ಹೇಳಿದರು. ಕೊನೆಯವರೆಗೂ ಅವನು ತಲೆಯೆತ್ತಲಿಲ್ಲ.

“ಒಂದು ಮಾತು ಸೇರಿಸ್ಕೊಳ್ಳಿ ಮೇಡಂ. ಕೆಟ್ಟು ನಿಂತೂ ಅದು ‘ತಪ್ಪಿಲ್ಲ’ ಅನ್ನತ್ತೆ ಅಂತ ನನಗೆ ಗೊತ್ತಿರಲಿಲ್ಲ. ಸ್ನಾನಕ್ಕೆ ಹೋದ್ರೂ ಫೋನು ಜೊತೆಗೇ ಇಟ್ಕೊಂಡಿದ್ದೆ. ಯಾರೂ ಕರೀಲಿಲ್ಲ.”

ಇನ್‌ಸ್ಪೆಕ್ಟರ್ ಅದನ್ನೂ ಬರೆದು ಓದಿ ಹೇಳಿದರು. ಆಮೇಲೆ ಸಹಿ ಹಾಕುವ ಜಾಗಕ್ಕೆ ಅವನ ಬೆರಳನ್ನು ಒಯ್ದು ಇಟ್ಟರು.