ಸೋಮವಾರದ ನಿಪ್ಪಟ್ಟು

ಕಾಗದದ ಪೊಟ್ಟಣ ಕತ್ತರಿಸಿದ ಕೂಡಲೇ ಕಮಟು ವಾಸನೆ ಮೂಗಿಗೆ ಹೊಡೆಯಿತು. ಸುಮನಾ ಇನ್ನೊಂದನ್ನು ಕತ್ತರಿಸಿದಳು. ಅದೂ ಹಾಗೆಯೇ. ಪಕ್ಕದ ಪ್ಲಾಸ್ಟಿಕ್ ಪೊಟ್ಟಣಗಳ ನಿಪ್ಪಟ್ಟು ಮಾತ್ರ ಗರಿಗರಿ. ಎರಡೂ ಒಂದೇ ಸೋಮವಾರ ಕರಿದವು. ಒಂದೇ ಕೋಣೆಯಲ್ಲಿ ಇಟ್ಟವು.

ಶಿವಮೊಗ್ಗದ ಆ ತಿಂಡಿ ಕಂಪನಿಯಲ್ಲಿ ಗುಣಮಟ್ಟ ನೋಡುವವಳು ಅವಳು. ಪ್ಲಾಸ್ಟಿಕ್ ಬಿಡಬೇಕೋ ಬೇಡವೋ ಎಂದು ಮಾಲೀಕ ಹಾಲಸ್ವಾಮಿ ಈ ಪರೀಕ್ಷೆ ನೋಡಿ ತೀರ್ಮಾನಿಸುವವರಿದ್ದರು. ಪೊಟ್ಟಣ ಮಾಡಿಕೊಟ್ಟ ಜಯಶೀಲಾ ಭದ್ರಾವತಿಯ ಕಾಗದನಗರದಿಂದ ಬಂದು ಹೊರಗೆ ಕೂತಿದ್ದಳು. ಆರ್ಡರ್ ಸಿಗದಿದ್ದರೆ ಅವಳ ಘಟಕಕ್ಕೆ ಬೀಗ.

“ಕಾಗದ ಎಷ್ಟಾದ್ರೂ ಕಾಗದವೇ ಮೇಡಂ,” ಎಂದ ಮಾರಾಟ ವಿಭಾಗದ ರೂಪೇಶ್. “ಎಣ್ಣೆ ತಿಂಡಿ ತಡೆಯುತ್ತಾ?”

*

ಮೊದಲ ಅನುಮಾನ ಪ್ಯಾಕಿಂಗ್ ಮಾಡಿದ ರಂಗಪ್ಪನ ಮೇಲೆ.

“ಸೀಲ್ ಸರಿಯಾಗಿ ಕೂತಿರ್ಲಿಲ್ವೇನೋ?” ಎಂದಳು ಸುಮನಾ.

“ನನ್ ತಲೆಗೆ ಕಟ್ಬೇಡಿ ಮಾರಾಯ್ರೆ. ನೀರಲ್ಲಿ ಮುಳುಗ್ಸಿ ನೋಡಿ.”

ಒಡೆಯದ ಪೊಟ್ಟಣವೊಂದನ್ನು ಸುಮನಾ ನೀರಿನಲ್ಲಿ ಅದುಮಿದಳು. ಒಂದು ಗುಳ್ಳೆಯೂ ಏಳಲಿಲ್ಲ; ಸೀಲ್ ಸರಿಯಾಗಿಯೇ ಇತ್ತು. ಕೊನೆಗೆ ಕೆಟ್ಟ ನಿಪ್ಪಟ್ಟನ್ನೇ ಮುರಿದು ನಾಲಿಗೆಗೆ ಇಟ್ಟಳು. ಉಗಿದಳು. ಇನ್ನೊಂದು ಚೂರು ಮುರಿದು ಮತ್ತೆ ರುಚಿ ನೋಡಿದಳು. ಕಮಟಿನ ಅಡಿಯಲ್ಲಿ ಬೆಳ್ಳುಳ್ಳಿಯ ರುಚಿ ಇತ್ತು.

*

ಹಾಲಸ್ವಾಮಿಯವರ ಕೋಣೆಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ರೂಪೇಶ್, ಸೋಮವಾರದ ಹಿಟ್ಟಿಗೆ ಏನು ಹಾಕಲ್ಲ?”

“ನಾನೇನು ಅಡುಗೆಭಟ್ಟನಾ?”

“ಬೆಳ್ಳುಳ್ಳಿ, ಈರುಳ್ಳಿ,” ಹಾಲಸ್ವಾಮಿಯೇ ಹೇಳಿದರು. “ಸೋಮವಾರ ಶಿವನ ವಾರ. ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿದ್ದು.”

“ಈ ಕೆಟ್ಟ ನಿಪ್ಪಟ್ಟಲ್ಲಿ ಬೆಳ್ಳುಳ್ಳಿ ಇದೆ ಸರ್. ಅಂದ್ರೆ ಇದು ಸೋಮವಾರದ್ದಲ್ಲ. ಅಂಗಡಿಗಳಿಂದ ವಾಪಸ್ ಬಂದ ಹಳೇ ಮಾಲು. ಯಾರೋ ಖಾಲಿ ಕಾಗದದ ಪೊಟ್ಟಣಕ್ಕೆ ಅದನ್ನ ತುಂಬಿ ಅದಲು ಬದಲು ಮಾಡಿದ್ದಾರೆ. ಅಡುಗೆಮನೆಯವರಿಗೆ, ಪ್ಯಾಕಿಂಗ್‌ನವರಿಗೆಲ್ಲ ಸೋಮವಾರದ ಪದ್ಧತಿ ಗೊತ್ತು, ಈ ತಪ್ಪು ಮಾಡ್ತಿರ್ಲಿಲ್ಲ. ವಾಪಸ್ ಮಾಲಿನ ಕೋಣೆ ಕೀ ಇರೋದು ರೂಪೇಶ್ ಹತ್ರ.”

ಹಾಲಸ್ವಾಮಿ ಹುಡುಕಿಸಿದರು. ಅಸಲಿ ಪೊಟ್ಟಣಗಳು ರೂಪೇಶನ ಕಾರಿನಲ್ಲೇ ಸಿಕ್ಕವು. ಹಾಲಸ್ವಾಮಿ ಒಂದನ್ನು ಒಡೆದು ತಿಂದರು. ಗರಿಗರಿ.

“ಒಳಗಿರೋದು ಕಾಣ್ದಿದ್ರೆ ಗಿರಾಕಿ ಮುಟ್ಟಲ್ಲ ಸರ್,” ಎಂದ ರೂಪೇಶ್. “ಅಂಗಡಿಯವರೆಲ್ಲ ಅದನ್ನೇ ಹೇಳಿದ್ರು. ನೀವು ಕಿವಿಗೇ ಹಾಕ್ಕೊಳ್ಲಿಲ್ಲ.”

“ನಾಳೆಯಿಂದ ಬರ್ಬೇಡ.”

ರೂಪೇಶನ ಹಿಂದೆ ಬಾಗಿಲು ಮುಚ್ಚಿತು. ಹಾಲಸ್ವಾಮಿ ಕೈ ಒರೆಸಿಕೊಂಡರು.

“ಅವನು ಮಾಡಿದ್ದು ಮೋಸ. ಆದ್ರೆ ಹೇಳಿದ್ದು ಸುಳ್ಳಲ್ಲ ಕಣಮ್ಮ. ಪಕ್ಕದಲ್ಲಿ ಬೇರೆಯವರ ಪ್ಯಾಕೆಟ್ ಫಳಫಳ ಅಂತಿರುತ್ತೆ. ಸದ್ಯಕ್ಕೆ ಪ್ಲಾಸ್ಟಿಕ್ಕೇ ಇರ್ಲಿ.”

ಸುಮನಾಳ ಬಳಿ ಅದಕ್ಕೆ ಪರೀಕ್ಷೆ ಇರಲಿಲ್ಲ.

*

ಜಯಶೀಲಾ ಎದ್ದು ನಿಂತಳು. “ನಮ್ ಪೊಟ್ಟಣ ಸೋತಿಲ್ಲ ತಾನೆ?”

“ಸೋತಿಲ್ಲ ಅಕ್ಕ.”

ಅವಳ ಮುಖ ಅರಳಿತು. ಆಗಲೇ ಫೋನ್ ಕೈಗೆತ್ತಿಕೊಂಡಿದ್ದಳು. “ಹಾಗಾದ್ರೆ ಕಾಗದ ತರ್ಸೋಕೆ ಹೇಳ್ಲಾ?”

“ಬೇಡ ಅಕ್ಕ,” ಎಂದಳು ಸುಮನಾ.