ನಾಲ್ಕೇ ಸಾಲು ಓದಿದವಳು

"ಒಳಗೆ ಯಾರಿದೀರಿ? ಹೆದರ್ಬೇಡಿ, ಮಾತಾಡ್ತಾ ಇರಿ!"

ಆಫೀಸಿನ ಲಿಫ್ಟ್ ನಡುವೆ ನಿಂತು, ದೀಪವೂ ಆರಿ, ಅವಳ ಜೀವ ಬಾಯಿಗೆ ಬಂದಿತ್ತು. ಇಪ್ಪತ್ತು ನಿಮಿಷ ಹೊರಗಿನಿಂದಲೇ ಅವಳನ್ನು ನಗಿಸಿ, ಕೊನೆಗೆ ಬಾಗಿಲು ಸರಿಸಿ ಗ್ರೀಸ್ ಮೆತ್ತಿದ ಕೈ ಚಾಚಿದವನು ಲಿಫ್ಟ್ ಮೆಕ್ಯಾನಿಕ್. ಆ ಕೈ ಹಿಡಿದು ಹೊರಬಂದವಳು ಬಿಡುವುದನ್ನೇ ಮರೆತಳು...

ಆಮೇಲೆ ಮೂರು ತಿಂಗಳು, ದಿನಾ ಕ್ಯಾಂಟೀನಿನಲ್ಲಿ ಇಬ್ಬರ ಟೀ. ಅವನು ತಾಯಿಯೊಂದಿಗೆ ಬೇರೆ ದೇಶದಿಂದ ಬಂದು ನೆಲೆಸಿದವನು, ಬೇರೆ ದೇವರಿಗೆ ಕೈ ಮುಗಿಯುವವನು. ಅದು ಅವಳ ಲೆಕ್ಕಕ್ಕೇ ಇರಲಿಲ್ಲ. ತನ್ನ ಕೆಲಸವೇನೆಂದು ಮಾತ್ರ ಅವಳು ಬಾಯಿಬಿಟ್ಟಿರಲಿಲ್ಲ. ಹೊರಗಿನವರಿಗೆ ಹೇಳುವುದಿಲ್ಲವೆಂದು ಕಂಪನಿಗೆ ಸಹಿ ಹಾಕಿಕೊಟ್ಟಿದ್ದಳು.

ಜಾಲತಾಣದಲ್ಲಿ ಜನ ಹಾಕಿ, ದೂರು ಬಂದ ಪೋಸ್ಟ್‌ಗಳನ್ನು ಓದಿ ಉಳಿಸುವುದು ಅಥವಾ ಅಳಿಸುವುದು ಅವಳ ಕೆಲಸ. ಬರೆದವರ ಹೆಸರು ಕಾಣದು. ಮೊದಲು ನಾಲ್ಕು ಸಾಲು ಮಾತ್ರ ತೋರುತ್ತದೆ. ಉಳಿದದ್ದನ್ನು ಒತ್ತಿ ತೆರೆಯಬೇಕು. ದಿನಕ್ಕೆ ಎಂಟುನೂರು ಮುಗಿಸಬೇಕಾದವಳಿಗೆ ಅಷ್ಟು ಪುರಸೊತ್ತೆಲ್ಲಿ?

ಒಂದು ದಿನ ಅವನು ಟೀ ಮುಟ್ಟಲಿಲ್ಲ.

"ನನ್ನ ಪೋಸ್ಟ್ ಅಳಿಸಿಬಿಟ್ಟಿದಾರೆ. ಬಸ್ಸಲ್ಲಿ ಯಾವನೋ ಒಬ್ಬ ನಮ್ಮಮ್ಮನಿಗೆ, 'ನಿಮ್ಮ ದೇವರನ್ನ ಗಂಟು ಕಟ್ಕೊಂಡು ಮನೆಗೆ ವಾಪಸ್ ಹೋಗಿ' ಅಂತ ಕೂಗಾಡಿದ್ದ. ಅದನ್ನ ಹಾಗೇ ಮೇಲೆ ಹಾಕಿ, ಕೆಳಗೆ ಅಮ್ಮ ಕೊಟ್ಟ ಉತ್ತರ ಬರ್ದಿದ್ದೆ. ಬೈದೋನು ಆರಾಮಾಗಿದಾನೆ, ನಾನು ಮಾತ್ರ ಒಂದು ತಿಂಗಳು ಏನೂ ಬರೆಯೋ ಹಾಗಿಲ್ಲ!"

ಅವಳು ಲೋಟ ಕೆಳಗಿಟ್ಟಳು. ಆ ಸಾಲು... ನಿನ್ನೆ ಬೆಳಿಗ್ಗೆ... ಥೂ, ಎಂಥಾ ಕೊಳಕು ಮನಸ್ಸು ಎಂದು ಬೈದುಕೊಂಡೇ ಅಳಿಸಿದ್ದಳು!

"ದೇವರು, ಧರ್ಮದ ವಿಷಯ ಏನೂ ಬರೀಬೇಡಿ ಅಂತ ಹೋದ ವಾರ ನೀವೇ ಹೇಳಿದ್ರಿ..." ಅವನು ತಡೆದು ಕೇಳಿದ. "ದೂರು ಕೊಟ್ಟಿದ್ದು ನೀವೇನಾ?"

"ಅಯ್ಯೋ, ದೂರು ನಾನು ಕೊಟ್ಟಿಲ್ಲ!"

ಮಾತು ನಿಜವೇ. ಆದರೆ ಮುಖ ಬಿಳಿಚಿಕೊಂಡಿತ್ತು. ಅವನು ಆ ಮುಖವನ್ನಷ್ಟೇ ನಂಬಿ ಎದ್ದುಹೋದ.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಗದರಿದಳು. "ತೆಪ್ಪಗಿರು ಚಿನ್ನೀ. ಬಾಯಿಬಿಟ್ರೆ ಕೆಲಸ ಹೋಗತ್ತೆ."

"ಬಿಡದಿದ್ರೆ ಅವರು ಹೋಗ್ತಾರಲ್ಲೇ!"

ನಾನು ಮಾಡಿದ್ದು ತಪ್ಪಾ? ಅಂಥ ಬೈಗುಳ ಉಳಿಸಿದರೆ ಇನ್ನೆಷ್ಟು ಅಮ್ಮಂದಿರು ಓದಿ ಅಳುತ್ತಾರೆ... ಅಳಿಸಿದರೆ ಒಬ್ಬ ಮಗನ ಬಾಯಿಗೆ ಬೀಗ... ಯಾವುದು ಸರಿ? ಎಷ್ಟು ಯೋಚಿಸಿದರೂ ತಲೆಬುಡ ಹತ್ತಲಿಲ್ಲ. ನಾಲ್ಕು ದಿನ ಕ್ಯಾಂಟೀನಿನ ಆ ಕುರ್ಚಿ ಖಾಲಿಯಿತ್ತು.

ಐದನೇ ದಿನ ಅವಳು ಮೇಲಧಿಕಾರಿಗೆ ಬರೆದಳು: 'ಪೂರ್ತಿ ಓದದೆ ಅಳಿಸಿದ್ದೇನೆ. ತಪ್ಪು ನನ್ನದು.' ಸಂಜೆ ಅವನು ಹತ್ತಿದ ಬಸ್ಸನ್ನೇ ಓಡಿ ಹತ್ತಿದಳು. ಪಕ್ಕದ ಸೀಟಿನಲ್ಲಿ ಕುಳಿತು ಹೇಳಿಯೇಬಿಟ್ಟಳು.

"ದೂರು ಕೊಟ್ಟಿಲ್ಲ. ಆದ್ರೆ ಅಳಿಸಿದ್ದು ನಾನೇ. ಅದೇ ನನ್ನ ಕೆಲಸ. ನಿಮ್ಮದು ಅಂತ ಗೊತ್ತಿರ್ಲಿಲ್ಲ... ನಾಲ್ಕೇ ಸಾಲು ಓದಿದ್ದೆ."

ಅವನು ಅವಳತ್ತ ತಿರುಗಿದ.

"ಇದನ್ನ ನನಗೆ ಹೇಳಬಹುದಾ ನೀವು?"

"ಇಲ್ಲ. ಕೆಲಸ ಉಳಿಯತ್ತೋ ಇಲ್ವೋ ಗೊತ್ತಿಲ್ಲ. ನಿಮ್ಮ ಪೋಸ್ಟ್ ವಾಪಸ್ ಬರತ್ತೋ, ಅದೂ ಗೊತ್ತಿಲ್ಲ. ನನಗೀಗ ಏನೂ ಗೊತ್ತಾಗ್ತಿಲ್ಲ... ನೀವು ಬೇಕು ಅನ್ನೋದೊಂದು ಬಿಟ್ಟು!"

ಅವನ ಕಣ್ಣು ತುಂಬಿತು. ಗ್ರೀಸ್ ಕಲೆಯ ಕೈ ನಿಧಾನವಾಗಿ ಅವಳ ಕೈ ಹುಡುಕಿತು.

"ನಾನೂ ನಿಮ್ಮ ಮಾತು ಪೂರ್ತಿ ಕೇಳಿರ್ಲಿಲ್ಲ, ಅಲ್ವಾ?"

ಅವಳು ಕಣ್ಣೊರೆಸಿಕೊಂಡಳು. "ಅಮ್ಮ ಏನಂತ ಉತ್ತರ ಕೊಟ್ಟಿದ್ರು?"

"ಹೋಗ್ತಿದೀನಪ್ಪಾ, ಮುಂದಿನ ಸ್ಟಾಪೇ ನಮ್ಮನೆ, ಅಂದ್ರು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಬಸ್ಸು ನಿಧಾನವಾಯಿತು. ಅವನು ಎದ್ದ, ಕೈ ಬಿಡಲಿಲ್ಲ.

"ಇಳೀತೀರಾ? ಅಮ್ಮ ಮನೇಲಿದಾರೆ."

"ಬೈದ್ರೆ?"

"ಪೂರ್ತಿ ಕೇಳಿ. ಆಮೇಲೆ ನೋಡೋಣ."