ಹುಳದ ಮನೆಗೆ ಬಾರದ ಗಂಡ

ಧಾರೆಯ ಹೊತ್ತಿನಲ್ಲಿ ಪುರೋಹಿತರು ವಧುವಿನ ಕೈಯನ್ನು ವರನ ಕೈಗೆ ಕೊಟ್ಟರು. ಹೆದರಿದ್ದ ರತ್ನಮ್ಮ ಆ ಕೈಯನ್ನು ಬಿಗಿಯಾಗಿ ಅದುಮಿ ಹಿಡಿದಳು. ಕೋನಪ್ಪ ಕೆಂಡ ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡ.

ವಾಲಗದ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ರತ್ನಮ್ಮ ಮರೆಯಲಿಲ್ಲ.

'ಇವರಿಗೆ ನಾನು ಬೇಡವಾಗಿತ್ತೇನೋ...'

ಮಂಡಿಕಲ್ ಕಡೆಯ ಹುಡುಗಿ ಶಿಡ್ಲಘಟ್ಟದ ಮಗ್ಗುಲ ಹಳ್ಳಿಗೆ ಹೀಗೆ ಬಂದದ್ದು ಐವತ್ತೆಂಟನೇ ಇಸವಿಯಲ್ಲಿ. ಅತ್ತೆ ಮಾವ ಆಗಲೇ ಇರಲಿಲ್ಲ. ಮನೆಯಲ್ಲಿ ಗಂಡ, ಹೆಂಡತಿ, ರೇಷ್ಮೆ ಹುಳ, ಅಷ್ಟೇ.

ಕೋನಪ್ಪ ಕೆಟ್ಟವನಲ್ಲ. ಒಂದು ದಿನ ಗದರಿದವನೂ ಅಲ್ಲ. ಆದರೆ ಹುಳಕ್ಕೆ ಸೊಪ್ಪು ತಂದರೆ ಹುಳದ ಮನೆಯ ಬಾಗಿಲಲ್ಲೇ ಇಳಿಸುವನು, ಹೊಸ್ತಿಲು ದಾಟುತ್ತಿರಲಿಲ್ಲ. ಮಲಗುವುದು ಜಗಲಿಯ ಮೇಲೆ. ಮುಂಜಾನೆಯೇ ಎದ್ದು ಹೋದರೆ ಬಿಸಿಲೇರಿದ ಮೇಲೆ ಬರುವನು.

"ಎಲ್ಲಿಗೆ ಹೋಗಿದ್ರಿ?"

"ಹೊಲದ ಕಡೆ."

ಹೊಲಕ್ಕೆ ಹೋದವನ ಕಾಲಿಗೆ ಮಣ್ಣಾದರೂ ಇರಬೇಡವೇ?

ಒಂದು ದಿನ ಪಕ್ಕದಲ್ಲಿ ಹಾದುಹೋದವನ ಮೈಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಹುಳ ಸಾಕುವ ಮನೆಯಲ್ಲಿ ಘಾಟು ಎಣ್ಣೆ ಇಡುವುದಿಲ್ಲ. ಆ ವಾಸನೆಗೆ ಹುಳ ಸೊಪ್ಪು ಬಿಟ್ಟು ಸಾಯುತ್ತದೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು.

'ಹಾಗಾದರೆ ಇವರಿಗೆ ಎಣ್ಣೆ ಹಚ್ಚಿದವರು ಯಾರು?'

ಪಕ್ಕದ ಮನೆಯ ಓಬಳಮ್ಮ ನೀರು ಸೇದುವಾಗ ಕಿಡಿ ಹಚ್ಚಿದಳು.

"ನಿನ್ ಗಂಡ ದಿನಾ ದಸ್ತಗಿರ್ ಸಾಬರ ಚರಕದ ಶೆಡ್ಡಿಗೆ ಹೋಗ್ತಾನಂತಲ್ಲೇ. ಗೂಡಿಂದ ನೂಲು ಬಿಚ್ಚೋರು ಬರೋಕೆ ಮುಂಚೇನೇ. ಅಷ್ಟೊತ್ತಿಗೆ ಅಲ್ಲಿರೋದು ಅಖ್ತರಿ ಒಬ್ಳೇ. ನಂಗ್ಯಾಕಮ್ಮ ಕಂಡೋರ ಸುದ್ದಿ."

ಅಖ್ತರಿ ಯಾರೋ ರತ್ನಮ್ಮ ಕಂಡವಳಲ್ಲ. ಆದರೂ ಅವಳ ಮನಸ್ಸು ಆ ಹೆಸರಿಗೆ ಆಗಲೇ ಎಳೆ ವಯಸ್ಸು, ದೊಡ್ಡ ಕಣ್ಣು ಕೊಟ್ಟಾಗಿತ್ತು.

ಮರುದಿನ ಹುಳ ಪೊರೆ ಬಿಡುವ ಜ್ವರಕ್ಕೆ ಕೂತಿತ್ತು. ಸೊಪ್ಪು ಹಾಕುವಂತಿಲ್ಲ, ಅವಳಿಗೆ ಬಿಡುವು. ರತ್ನಮ್ಮ ಸೀರೆಗಳನ್ನು ಮೂಟೆ ಕಟ್ಟಿಕೊಂಡು ಗಂಡನ ಹಿಂದೆಯೇ ನಡೆದಳು. ಕೇಳಿದ್ದು ನಿಜವಾದರೆ ಅಲ್ಲಿಂದಲೇ ತವರಿನ ದಾರಿ...

ಶೆಡ್ಡಿನ ಬಾಗಿಲು ಅರೆ ತೆರೆದಿತ್ತು. ರೇಷ್ಮೆ ಗೂಡು ಬೇಯಿಸುವ ಬಾಣಲೆಯಲ್ಲಿ ಬರೀ ನೀರು, ಇನ್ನೂ ಉಗುರುಬೆಚ್ಚಗೆ. ಕೋನಪ್ಪ ಅದರಲ್ಲಿ ಎರಡೂ ಕೈ ಮುಳುಗಿಸಿ ಕೂತಿದ್ದ. ಎದುರಿಗೆ ನೀಲಗಿರಿ ಎಣ್ಣೆಯ ಸೀಸೆ ಹಿಡಿದ ಬೊಚ್ಚುಬಾಯಿಯ ಮುದುಕಿ.

"ಜೋರು ಮಾಡ್ಬೇಡ ಬೇಟಾ. ನೀರಲ್ಲೇ ಮೆಲ್ಲಗೆ ಮುಚ್ಚು, ಮೆಲ್ಲಗೆ ಬಿಚ್ಚು. ಊತ ಜಾಸ್ತಿ ಇದ್ದ ದಿನ ಸೊಪ್ಪು ಕೊಯ್ಬೇಡ ಅಂದ್ರೆ ಕೇಳಲ್ಲ ನೀನು."

ಅವನ ಬೆರಳಿನ ಕೀಲುಗಳು ಊದಿ ಕೆಂಪಗಾಗಿದ್ದವು. ರತ್ನಮ್ಮನ ಕೈಯಿಂದ ಮೂಟೆ ಜಾರಿತು.

ಅಖ್ತರಿ ತಲೆಯೆತ್ತಿದಳು. "ಇವನ ಹೆಂಡ್ತಿನಾ? ಬಾಮ್ಮ. ಹೆಂಡ್ತಿಗೆ ಹೇಳು ಅಂತ ಬಡ್ಕೊಂಡೆ, ಈ ಕತ್ತೆ ಕೇಳಲಿಲ್ಲ." ಸೌದೆ ತರುವ ನೆಪದಲ್ಲಿ ಹೊರಗೆ ಹೋದಳು.

ಕೋನಪ್ಪ ನೀರನ್ನೇ ನೋಡುತ್ತ ಹೇಳಿದ.

"ನಮ್ಮಪ್ಪಂಗೂ ಗಂಟುವಾತ. ಕೊನೆಗೆ ಚಾಪೆ ಬಿಟ್ಟು ಏಳಲಿಲ್ಲ. ನಂಗೂ ಶುರುವಾಗಿದೆ ಅಂತ ಚಿಂತಾಮಣಿ ಕಡೆ ನಿಶ್ಚಯವಾಗಿದ್ದ ಹೆಣ್ಣು ತಪ್ಪೋಯ್ತು. ನಿಂಗೂ ಗೊತ್ತಾದ್ರೆ..."

"ಧಾರೇಲಿ ಕೈ ಕಿತ್ಕೊಂಡಿದ್ದು?"

"ಜೀವ ಹೋದಂಗಾಯ್ತು ಕಣೇ. ಅಷ್ಟು ಬಿಗಿಯಾಗಾ ಹಿಡಿಯೋದು?"

"ಒಳಗೆ ಬರದೇ ಇದ್ದಿದ್ದು?"

"ಎಣ್ಣೆ ಹಚ್ಕೊಂಡು ಬಂದ್ರೆ ಹುಳದ ಗತಿ ಏನು? ನೀನೋ ಹುಳದ ತಟ್ಟೆಗಳ ಪಕ್ಕದಲ್ಲೇ ಮಲಗ್ತೀಯ."

ರತ್ನಮ್ಮನಿಗೆ ಅಳು ಬಂತು, ಸಿಟ್ಟೂ ಬಂತು.

"ಮದುವೆಗೆ ಮುಂಚೆ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು. ತಪ್ಪು ನಂದೇ."

ಅನುಮಾನ ಅಷ್ಟು ಬೇಗ ಬಿಟ್ಟು ಹೋಗುವುದೇ?

"ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ." ಕೋನಪ್ಪ ತಲೆಯೆತ್ತಲಿಲ್ಲ. "ನೀನಂದ್ರೆ ನಂಗೆ ಪ್ರಾಣ."

ರತ್ನಮ್ಮ ಬಾಣಲೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಅವನ ಒದ್ದೆ ಬೆರಳುಗಳನ್ನು ಒಂದೊಂದಾಗಿ, ನೋಯದ ಹಾಗೆ, ಸೆರಗಿನಿಂದ ಒತ್ತಿದಳು.

"ಮುಂದೆ ಈ ಕೈ ಮಡಚೋಕೇ ಬರದೆ ಹೋದ್ರೆ?" ಎಂದ ಅವನು.

"ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಬಾಯಿಗೆ ಇಡ್ತೀನಿ. ನುಂಗೋದಾದ್ರೂ ನೀವೇ ನುಂಗಿ."

"ಜನ ನಗ್ತಾರೆ ಕಣೇ."

"ನಗಲಿ ಬಿಡಿ. ಹಸಿದಿರೋದು ಅವರಲ್ಲವಲ್ಲ."